ಹ್ಯಾಂಬಲ್ಡನ್ ಎಂಬ ಹಳ್ಳಿಯ ಕ್ರಿಕೆಟ್ ಸಂಘ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕಿಳಿದವನು ನಾನು. ಬರವಣಿಗೆ ಅಂದರೆ ಸಭಾ ನಡಾವಳಿಗೆ ರುಜು ಹಾಕುವುದು, ಅಷ್ಟೆ. ಸಂಘ ಬೆಳೆದುಬಂದ ಬಗೆಯನ್ನು ಮಾನ್ಯ ಅಧ್ಯಕ್ಷರು ಬರೆಯುತ್ತಾರೆ, ರಾಸುಗಳ ಕೆಚ್ಚಲು ಬಾವಿನ ಬಗ್ಗೆ ಡಾಕ್ಟರು ಬರೆಯುತ್ತಾರೆ, ಹಸಿರು ಮೇವಿನ ಬಗ್ಗೆ ವಿಸ್ತರಣಾಧಿಕಾರಿಗಳು ಬರೆಯುತ್ತಾರೆ. ಇನ್ನು ನನಗೆ ಉಳಿದದ್ದೇನು? ಕ್ರಿಕೆಟ್ಟು.

ಹಾಲಿನ ಸಂಘದ ಪುಸ್ತಕದಲ್ಲಿ ಕ್ರಿಕೆಟ್ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಊರಿಗೆಲ್ಲ ಗೊತ್ತಿರುವುದೇ. ಹೋದ ವರ್ಷ ನಮ್ಮ ಊರಿನ ಹುಡುಗರು ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟರು. ಸಂಘದ ಲಾಭದಲ್ಲಿ ಒಂದಿಷ್ಟು ತೆಗೆದು ಬ್ಯಾಟು, ಪ್ಯಾಡು, ಮ್ಯಾಟು ಕೊಡಿಸಬೇಕು, ಪ್ರತಿ ವರ್ಷವೂ ಕೊಡಿಸಬೇಕು ಅಂತ. ಸಭೆಯಲ್ಲಿ ಹೆಚ್ಚಿನವರು ಕೊಡೋಣ ಅಂದರು. ಬೇಡ ಅಂದವನು ನಾನೊಬ್ಬನೇ. ಅವತ್ತಿನಿಂದ ಕೆಲವು ಹುಡುಗರು ಎದುರು ಸಿಕ್ಕರೂ ಮುಖ ಕೊಟ್ಟು ಮಾತಾಡಿಸುತ್ತಿಲ್ಲ. ಜುಗ್ಗ ಅಂದರಂತೆ. ಅನ್ನಲಿ. ಆದರೆ ನಾನು ಬೇಡ ಅಂದದ್ದು ಕ್ರಿಕೆಟ್ ಮೇಲಿನ ಸಿಟ್ಟಿನಿಂದ ಅಲ್ಲ. ಹೇಳಬೇಕಾದ್ದನ್ನು ಅವತ್ತು ಸಭೆಯಲ್ಲಿ ಸರಿಯಾಗಿ ಹೇಳಲು ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾನೂ ಆಡಿದವನೇ. ಬೇಸಿಗೆಯಲ್ಲಿ ಕೆರೆ ಒಣಗಿತು ಅಂದರೆ ಕೆರೆಯಂಗಳವೇ ನಮ್ಮ ಮೈದಾನ. ಮೊದಮೊದಲು ತೆಂಗಿನ ಮೊಟ್ಟೆಯ ಬ್ಯಾಟು, ಆಮೇಲೆ ಬಡಗಿ ಮನೆಯಲ್ಲಿ ಕೆತ್ತಿಸಿದ ಹಲಸಿನ ಬ್ಯಾಟು. ಅದನ್ನು ಎತ್ತುವುದಕ್ಕೇ ಇಬ್ಬರು ಬೇಕಿತ್ತು! ಒಂದು ವರ್ಷ ಚುನಾವಣೆ ಬಂತು. ಹೆಸರು ಬೇಡ, ಒಬ್ಬ ದೊಡ್ಡ ಮನುಷ್ಯರು ನಮಗೆ ಇಡೀ ಕಿಟ್ ಕೊಡಿಸಿದರು. ಎದೆ ಮೇಲೆ ಅವರ ಹೆಸರು ಬರೆದ ಅಂಗಿಯೂ ಬಂತು. ಎರಡು ವರ್ಷ ನಮ್ಮ ಟೀಮಿನಂಥ ಟೀಮು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಆಮೇಲೆ ಅವರು ಸೋತರು. ಒಂದು ದಿನ ಜೀಪು ಬಂತು, ಕಿಟ್ ಬ್ಯಾಗು ಜೀಪು ಹತ್ತಿತು. ಅಲ್ಲಿಗೆ ಮುಗಿಯಿತು ನಮ್ಮ ಟೀಮು. ಆಶ್ಚರ್ಯ ಏನೆಂದರೆ, ಮತ್ತೆ ಹಲಸಿನ ಬ್ಯಾಟು ಹಿಡಿಯಲು ನಮಗೆ ಯಾರಿಗೂ ಮನಸ್ಸೇ ಬರಲಿಲ್ಲ.

ಈ ಅರ್ಜಿಯ ಗಲಾಟೆ ನಡೆದ ಮೇಲೆ, ಕಾಲೇಜು ಓದುತ್ತಿರುವ ನಮ್ಮಣ್ಣನ ಮಗಳ ಹತ್ತಿರ ಕೇಳಿದೆ: ನೋಡಮ್ಮ, ಈ ಹಳ್ಳಿ ಕ್ರಿಕೆಟ್ ಸಂಘ ಅನ್ನೋದು ಎಲ್ಲಾದರೂ ನೆಟ್ಟಗೆ ನಡೆದದ್ದು ಉಂಟೇ? ಅವಳು ಇಂಗ್ಲಿಷ್ ಪುಸ್ತಕ ತಂದು ರಾತ್ರಿ ಊಟ ಆದ ಮೇಲೆ ಸ್ವಲ್ಪ ಸ್ವಲ್ಪವೇ ಓದಿ ಅರ್ಥ ಹೇಳಿದಳು. ಹಾಗೆ ನನಗೆ ಗೊತ್ತಾದದ್ದು ಹ್ಯಾಂಬಲ್ಡನ್.

ಇಂಗ್ಲೆಂಡ್ ದೇಶದ ದಕ್ಷಿಣದಲ್ಲಿ ಹ್ಯಾಂಪ್‌ಷೈರ್ ಅಂತ ಒಂದು ಜಿಲ್ಲೆ. ಅಲ್ಲಿ ಪೋರ್ಟ್ಸ್‌ಮತ್ ಬಂದರಿನಿಂದ ಒಳಗೆ ಹೋದರೆ ಗುಡ್ಡಗಳ ನಡುವೆ ಒಂದು ಹಳ್ಳಿ, ಅದೇ ಹ್ಯಾಂಬಲ್ಡನ್. ಊರಿನಿಂದ ಒಂದೆರಡು ಮೈಲಿ ಆಚೆ ಬ್ರಾಡ್‌ಹಾಫ್‌ಪೆನ್ನಿ ಡೌನ್ ಎಂಬ ಹುಲ್ಲುಗಾವಲು ದಿಣ್ಣೆ. ಕುರಿ ಮೇಯುವ ಜಾಗ, ಬಿಡು ಗಾಳಿ. ಅಲ್ಲಿ ಆಟ ನಡೆಯುತ್ತಿತ್ತು ಅನ್ನುವುದಕ್ಕೆ ಸಿಕ್ಕಿರುವ ಹಳೆಯ ಸಾಕ್ಷಿ ತಮಾಷೆಯಾಗಿದೆ. 1756ರಲ್ಲಿ ಒಬ್ಬ ಪಾದ್ರಿ, ಬ್ರಾಡ್‌ಹಾಫ್‌ಪೆನ್ನಿಯ ಕ್ರಿಕೆಟ್ ಆಟದ ಹೊತ್ತಿನಲ್ಲಿ ತನ್ನ ನಾಯಿ ಕಳೆದುಹೋಯಿತು ಅಂತ ಪತ್ರಿಕೆಗೆ ಜಾಹೀರಾತು ಕೊಟ್ಟಿದ್ದ. ನಾಯಿಯ ಹೆಸರು ರೋವರ್. ನಾಯಿ ಸಿಕ್ಕಿತೋ ಬಿಟ್ಟಿತೋ, ಇತಿಹಾಸಕ್ಕೆ ಒಂದು ಇಸವಿ ಸಿಕ್ಕಿತು.

ಆಗಿನ ಆಟ ಈಗ ಟಿ.ವಿ.ಯಲ್ಲಿ ನೋಡುವ ಹಾಗಿರಲಿಲ್ಲ. ಸ್ಟಂಪು ಎರಡೇ, ಮೇಲೊಂದು ಅಡ್ಡಕಡ್ಡಿ. ಚೆಂಡನ್ನು ಕೈ ಕೆಳಗಿನಿಂದ ಹಾಕಬೇಕು. ಓವರಿಗೆ ನಾಲ್ಕೇ ಚೆಂಡು. ಬ್ಯಾಟು ಹಾಕಿ ಕೋಲಿನ ಹಾಗೆ ತುದಿಯಲ್ಲಿ ಬಾಗಿರುತ್ತಿತ್ತು. ರನ್ನಿನ ಲೆಕ್ಕವನ್ನು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿ ಇಡುತ್ತಿದ್ದರು. ನಮ್ಮ ಅಜ್ಜಿ ಹಾಲಿನ ಲೆಕ್ಕವನ್ನು ಗೋಡೆ ಮೇಲೆ ಸುಣ್ಣದ ಗೀಟಿನಲ್ಲಿ ಇಟ್ಟ ಹಾಗೆ.

ಆಡುತ್ತಿದ್ದವರ ಕಸುಬು ಕೇಳಿದರೆ ನಮ್ಮ ಕಡೆಯ ಆಯಗಾರರ ಪಟ್ಟಿ ಓದಿದ ಹಾಗಿದೆ. ಕ್ಯಾಪ್ಟನ್ ರಿಚರ್ಡ್ ನೈರನ್, ಮೈದಾನದ ಎದುರಿಗೇ ಇದ್ದ ಬ್ಯಾಟ್ ಅಂಡ್ ಬಾಲ್ ಎಂಬ ಹೋಟೆಲು ನಡೆಸುತ್ತಿದ್ದವನು. ಥಾಮಸ್ ಬ್ರೆಟ್ ರೈತ, ವೇಗದ ಬೌಲರು. ಟಾಮ್ ಸ್ಯೂಟರ್ ಬಡಗಿ. ಡೇವಿಡ್ ಹ್ಯಾರಿಸ್ ಕುಂಬಾರ. ಈ ಹ್ಯಾರಿಸ್ ಚಳಿಗಾಲದಲ್ಲಿ ಊಟದ ಬಿಡುವಿನಲ್ಲಿ ಕಣಜದ ಕೊಟ್ಟಿಗೆಯೊಳಗೆ ಬೌಲಿಂಗ್ ಅಭ್ಯಾಸ ಮಾಡುತ್ತಿದ್ದನಂತೆ. ಕೊನೆಗಾಲದಲ್ಲಿ ಕೀಲುವಾತ ಬಂದು ನಿಲ್ಲಲಾರದೆ ಹೋದಾಗ ಮೈದಾನದಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು, ತನ್ನ ಚೆಂಡು ಹಾಕಿ ಬಂದು ಕೂರುತ್ತಿದ್ದ. ಲ್ಯಾಂಬೋರ್ನ್ ಎನ್ನುವವನು ಅಪ್ಪನ ಕುರಿ ಕಾಯುವ ಹುಡುಗ. ಕುರಿ ಕೂಡುವ ತಡಿಕೆಯನ್ನೇ ವಿಕೆಟ್ ಮಾಡಿಕೊಂಡು ದಿನವಿಡೀ ಚೆಂಡು ಹಾಕಿ ಹಾಕಿ, ಒಂದು ಕಡೆಗೆ ಬಿದ್ದು ಇನ್ನೊಂದು ಕಡೆಗೆ ತಿರುಗುವ ಚೆಂಡನ್ನು ಕಲಿತ. ನೋಹ ಮ್ಯಾನ್ ಎಂಬವನು ಅಭ್ಯಾಸದ ದಿನ ಇಪ್ಪತ್ತು ಮೈಲಿ ಕುದುರೆ ಸವಾರಿ ಮಾಡಿ ಬರುತ್ತಿದ್ದ. ಅವನು ಬರುವಾಗ ಗೆಳೆಯರು ದಾರಿಯಲ್ಲಿ ಕರವಸ್ತ್ರ ಹಾಸಿದರೆ, ಓಡುವ ಕುದುರೆಯಿಂದಲೇ ಬಗ್ಗಿ ಎತ್ತಿಕೊಳ್ಳುತ್ತಿದ್ದನಂತೆ. ನಮ್ಮ ಹುಡುಗರು ಪ್ರಾಕ್ಟೀಸಿಗೆ ಬರಲು ಬೈಕಿಗೆ ಪೆಟ್ರೋಲ್ ಇಲ್ಲ ಅನ್ನುತ್ತಾರೆ!

ನನಗೆ ಹೆಚ್ಚು ಹಿಡಿಸಿದವನು ಜಾನ್ ಸ್ಮಾಲ್. ಮೊದಲು ಚಪ್ಪಲಿ ಹೊಲಿಯುತ್ತಿದ್ದ, ಆಮೇಲೆ ಬ್ಯಾಟು ಚೆಂಡು ಮಾಡಿ ಮಾರುವ ಕಸುಬು ಹಿಡಿದ. ಪಿಟೀಲೂ ನುಡಿಸುತ್ತಿದ್ದ. ಡಾರ್ಸೆಟ್ಟಿನ ಡ್ಯೂಕ್ ಅಂದರೆ ದೊಡ್ಡ ಜಹಗೀರದಾರ, ಇವನಿಗೆ ಒಂದು ಒಳ್ಳೆಯ ಪಿಟೀಲು ಕಳಿಸಿದ. ಸ್ಮಾಲ್ ಬರೀ ನಮಸ್ಕಾರ ಹೇಳಿ ಸುಮ್ಮನಾಗಲಿಲ್ಲ. ತಾನೇ ಮಾಡಿದ ಎರಡು ಬ್ಯಾಟು ಮತ್ತು ಚೆಂಡುಗಳನ್ನು ಡ್ಯೂಕಿಗೆ ವಾಪಸು ಉಡುಗೊರೆ ಕಳಿಸಿದ. ಸಾಗಾಣಿಕೆ ಖರ್ಚನ್ನೂ ತಾನೇ ಕೊಟ್ಟ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ.

ಈ ಹಳ್ಳಿಯ ಆಟಗಾರರು ಮಾಡಿದ ಕೆಲಸ ಇವತ್ತಿಗೂ ಲಾರ್ಡ್ಸ್ ಮೈದಾನದಿಂದ ನಮ್ಮ ಕೆರೆಯಂಗಳದವರೆಗೆ ಉಳಿದಿದೆ. 1771ರ ಸೆಪ್ಟೆಂಬರಿನಲ್ಲಿ ಚರ್ಟ್ಸಿ ಎಂಬ ಊರಿನವರ ಮೇಲೆ ಪಂದ್ಯ. ನಮ್ಮ ಕಡೆ ಹೈದರಾಲಿ ಆಳುತ್ತಿದ್ದ ಕಾಲ ಅದು. ಎದುರು ಪಕ್ಷದ ವೈಟ್ ಎನ್ನುವವನು ಒಂದು ಬ್ಯಾಟು ಹಿಡಿದು ಬಂದ. ಎಷ್ಟು ಅಗಲ ಅಂದರೆ ವಿಕೆಟ್ಟಿನಷ್ಟೇ ಅಗಲ! ಇನ್ನು ಬೌಲ್ಡ್ ಆಗುವ ಮಾತೆಲ್ಲಿ? ಅಷ್ಟಾದರೂ ಹ್ಯಾಂಬಲ್ಡನ್ನಿನವರು ಆ ಪಂದ್ಯವನ್ನು ಒಂದು ರನ್ನಿನಿಂದ ಗೆದ್ದರು. ಗೆದ್ದೆವಲ್ಲ, ಇನ್ನೇನು ಅಂತ ಸುಮ್ಮನೆ ಮನೆಗೆ ಹೋಗಲಿಲ್ಲ. ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲ ಮೀರಬಾರದು ಅಂತ ಬರೆದು ಬ್ರೆಟ್, ನೈರನ್, ಸ್ಮಾಲ್ ಮೂವರೂ ರುಜು ಹಾಕಿದರು. ಒಬ್ಬ ರೈತ, ಒಬ್ಬ ಹೋಟೆಲಿನವನು, ಒಬ್ಬ ಬ್ಯಾಟು ಮಾಡುವವನು. 1774ರ ಕ್ರಿಕೆಟ್ ನಿಯಮಗಳಲ್ಲಿ ಅದು ಸೇರಿತು. ಈ ಹೊತ್ತಿಗೂ ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲವೇ. ಹ್ಯಾಂಬಲ್ಡನ್ನಿನವರು ಇದಕ್ಕಾಗಿ ಕಬ್ಬಿಣದ ಒಂದು ಅಳತೆ ಚೌಕಟ್ಟನ್ನೇ ಮಾಡಿಸಿ ಇಟ್ಟಿದ್ದರು. ಅದರೊಳಗೆ ತೂರಿದರೆ ಬ್ಯಾಟು ಸರಿ, ತೂರದಿದ್ದರೆ ಇಲ್ಲ. ನಮ್ಮ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಟ್ಟ ಹಾಗೆ ಅನ್ನಿ. ಅಧ್ಯಕ್ಷರ ಮನೆ ಹಾಲಾದರೂ ಸೈ, ವಿಧವೆ ಅಜ್ಜಿಯ ಅರ್ಧ ಲೀಟರ್ ಆದರೂ ಸೈ, ಅಳತೆ ಒಂದೇ. ಇಪ್ಪತ್ತೈದು ವರ್ಷದಲ್ಲಿ ಆ ಲ್ಯಾಕ್ಟೋಮೀಟರಿನ ಮೇಲೆ ನಮ್ಮಲ್ಲಿ ಎಷ್ಟು ಜಗಳ ಆಗಿದೆ ಅಂತ ನಿಮಗೇ ಗೊತ್ತು.

ಮೂರನೆಯ ಸ್ಟಂಪಿನ ಕಥೆಯೂ ಇವರದೇ. 1775ರ ಮೇ ತಿಂಗಳಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಐದೈದು ಜನರ ಪಂದ್ಯ. ಹ್ಯಾಂಬಲ್ಡನ್ ಪರ ಕೊನೆಗೆ ಜಾನ್ ಸ್ಮಾಲ್ ಆಡುತ್ತಿದ್ದಾನೆ, ಇನ್ನು 14 ರನ್ ಬೇಕು. ಎದುರಿಗೆ ಲಂಪಿ ಸ್ಟೀವನ್ಸ್ ಎಂಬ ಹೆಸರಾಂತ ಬೌಲರ್. ಅವನ ಚೆಂಡು ಒಂದಲ್ಲ ಎರಡಲ್ಲ ಮೂರು ಸಲ ಎರಡು ಸ್ಟಂಪುಗಳ ಮಧ್ಯೆ ತೂರಿ ಹೋಯಿತು, ಕಡ್ಡಿ ಬೀಳಲಿಲ್ಲ! ಸ್ಮಾಲ್ ರನ್ ಹೊಡೆದು ಗೆಲ್ಲಿಸಿದ. ಆದರೆ ನೋಡಿದವರಿಗೆಲ್ಲ ಇದು ನ್ಯಾಯವಲ್ಲ ಅನ್ನಿಸಿತು. ಆಮೇಲೆ ಮಧ್ಯದಲ್ಲಿ ಮೂರನೇ ಸ್ಟಂಪು ಬಂತು. ಎಲ್ಲ ಕಡೆ ಒಂದೇ ಸಲಕ್ಕೆ ಬರಲಿಲ್ಲ, ನಿಧಾನಕ್ಕೆ ಬಂತು.

ಇನ್ನು 1777ರ ಜೂನ್ 18ರಿಂದ 20. ಸೆವೆನೋಕ್ಸ್ ಎಂಬ ಊರಿನಲ್ಲಿ ಇಡೀ ಇಂಗ್ಲೆಂಡ್ ತಂಡದ ಮೇಲೆ ಇವರ ಪಂದ್ಯ. ಹ್ಯಾಂಪ್‌ಷೈರ್ ಹೆಸರಿನಲ್ಲಿ ಆಡಿದರೂ ತಂಡ ಹ್ಯಾಂಬಲ್ಡನ್ ಸಂಘದ್ದೇ. ಇಂಗ್ಲೆಂಡ್ 166ಕ್ಕೆ ಆಲೌಟ್. ಜೇಮ್ಸ್ ಐಲ್‌ವರ್ಡ್ ಎಂಬ ರೈತಾಪಿ ಎಡಗೈ ಆಟಗಾರ ಕೆಳಗಿನ ಕ್ರಮಾಂಕದಲ್ಲಿ ಬುಧವಾರ ಸಾಯಂಕಾಲ ಇಳಿದವನು ಶುಕ್ರವಾರ ಮಧ್ಯಾಹ್ನದವರೆಗೂ ಕದಲಲಿಲ್ಲ. 167 ರನ್. ಅವನೊಬ್ಬನದೇ ಇಂಗ್ಲೆಂಡಿನವರ ಒಟ್ಟು ಮೊತ್ತಕ್ಕಿಂತ ಒಂದು ಜಾಸ್ತಿ. ತಂಡದ ಮೊತ್ತ 403. ಇಂಗ್ಲೆಂಡ್ ಎರಡನೇ ಸಲ 69. ಒಂದು ಇನ್ನಿಂಗ್ಸ್ ಮತ್ತು 168 ರನ್ನಿನ ಗೆಲುವು. ಇದನ್ನು ಓದಿದ ರಾತ್ರಿ ನಾನು ಖುಷಿಗೆ ಇನ್ನೊಂದು ಲೋಟ ಕಾಫಿ ಕುಡಿದೆ.

ಇಷ್ಟು ಕೇಳಿದವರು, ಆಹಾ, ಹಳ್ಳಿಯವರು ಸಂಘ ಕಟ್ಟಿದರೆ ಇಡೀ ದೇಶವನ್ನೇ ಸೋಲಿಸಬಹುದು ಅಂತ ಚಪ್ಪಾಳೆ ತಟ್ಟಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಹುಡುಗಿ ಸಂಘದ ಲೆಕ್ಕದ ಭಾಗ ಓದಿದಳು.

ಆ ಸಂಘದ ನಡಾವಳಿ ಪುಸ್ತಕ 1772ರಿಂದ 1796ರವರೆಗಿನದು ಉಳಿದಿದೆ. ಅದರಲ್ಲಿ ಸದಸ್ಯರ ಹೆಸರಿದೆ, ಚಂದಾ ಇದೆ, ಆಟಗಾರರನ್ನು ಸಾಗಿಸಲು ಗಾಡಿ ಮಾಡಿದ ವಿಚಾರ ಇದೆ. ಸಭೆಯಲ್ಲಿ ಉಗುಳುವುದಕ್ಕೆ ಆರು ಪೀಕದಾನಿ ತರಿಸಬೇಕು ಅಂತಲೂ ಬರೆದಿದ್ದಾರೆ (ನಮ್ಮ ಸಂಘಕ್ಕೂ ಇದು ಬೇಕಾಗಿದೆ, ಎಲೆಅಡಿಕೆ ಹಾಕುವ ನಿರ್ದೇಶಕರು ಬೇಸರಿಸಬಾರದು). ಆದರೆ ಸದಸ್ಯರು ಯಾರು? ಚಂದಾ ವರ್ಷಕ್ಕೆ ಮೂರು ಗಿನಿ. ಕುರಿ ಕಾಯುವವನು, ಕುಂಬಾರ ಕೊಡುವಂಥ ಹಣ ಅದಲ್ಲ. ಸದಸ್ಯರೆಲ್ಲ ಜಮೀನ್ದಾರರು, ಪ್ರಭುಗಳು, ಪಾದ್ರಿಗಳು, ಸೈನ್ಯದ ಅಧಿಕಾರಿಗಳು. ಪಂದ್ಯದ ಮೇಲೆ ನೂರಾರು ಪೌಂಡ್ ಬಾಜಿ ಕಟ್ಟುವವರು. ನೈರನ್, ಸ್ಮಾಲ್, ಲ್ಯಾಂಬೋರ್ನ್ ಇವರೆಲ್ಲ ದುಡ್ಡು ಪಡೆದು ಆಡುವವರು. ಅಂದರೆ ಊರು ಹಳ್ಳಿಯದು, ಬೆವರು ಹಳ್ಳಿಯವರದು, ಷೇರು ಮಾತ್ರ ಬೇರೆಯವರದು.

ಹಾಗಂತ ಆ ದೊಡ್ಡವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರ ದುಡ್ಡಿಲ್ಲದಿದ್ದರೆ ಕುಂಬಾರ ಹ್ಯಾರಿಸ್ ಲಂಡನ್ ನೋಡುತ್ತಿರಲಿಲ್ಲ. ಆದರೆ ದುಡ್ಡು ಹಾಕಿದವನ ಮಾತು ನಡೆಯುತ್ತದೆ. ಬ್ರಾಡ್‌ಹಾಫ್‌ಪೆನ್ನಿಯಲ್ಲಿ ಗಾಳಿ ಜಾಸ್ತಿ ಅಂತ ಡ್ಯೂಕಿಗೆ ಅನ್ನಿಸಿತು. 1782ರ ಹೊತ್ತಿಗೆ ಆಟ ಊರಿನ ಹತ್ತಿರದ ವಿಂಡ್‌ಮಿಲ್ ಡೌನ್ ಎಂಬ ಇನ್ನೊಂದು ದಿಣ್ಣೆಗೆ ಹೋಯಿತು. ಆ 167 ಹೊಡೆದ ಐಲ್‌ವರ್ಡ್ ಏನಾದ ಗೊತ್ತೆ? ಎರಡೇ ವರ್ಷದಲ್ಲಿ ಕೆಂಟ್ ಜಿಲ್ಲೆಯ ಒಬ್ಬ ಶ್ರೀಮಂತ, ಹೊರೇಸ್ ಮ್ಯಾನ್ ಎಂಬವನು, ತನ್ನ ಜಮೀನಿಗೆ ಪಾರುಪತ್ಯಗಾರನ ಕೆಲಸ ಕೊಟ್ಟು ಕರೆದುಕೊಂಡು ಹೋದ. ಬೇಕಾಗಿದ್ದದ್ದು ಪಾರುಪತ್ಯಗಾರ ಅಲ್ಲ, ಬ್ಯಾಟ್ಸ್‌ಮನ್. ಅವನು ಆಮೇಲೆ ಹ್ಯಾಂಬಲ್ಡನ್ನಿನವರ ಎದುರಿಗೇ ಆಡಿದ.

1787ರಲ್ಲಿ ಲಂಡನ್ನಿನಲ್ಲಿ ಥಾಮಸ್ ಲಾರ್ಡ್ ಎಂಬವನು ಬೇಲಿ ಹಾಕಿದ ಒಂದು ಮೈದಾನ ಮಾಡಿದ. ಅದೇ ವರ್ಷ ಎಂ.ಸಿ.ಸಿ. ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯನಾದ ವಿಂಚಿಲ್ಸಿಯ ಪ್ರಭು ಹ್ಯಾಂಬಲ್ಡನ್ ಸಂಘಕ್ಕೂ ಅಧ್ಯಕ್ಷನಾಗಿದ್ದವನು. ದೊಡ್ಡವರಿಗೆ ಲಂಡನ್ನಿನಲ್ಲಿ ಮನೆಯಿದೆ, ಆಟವೂ ಅಲ್ಲೇ ಸಿಕ್ಕಿದ ಮೇಲೆ ಗಾಡಿ ಕಟ್ಟಿಕೊಂಡು ಗುಡ್ಡ ಹತ್ತಿ ಯಾರು ಬರುತ್ತಾರೆ? ಒಳ್ಳೆಯ ಆಟಗಾರರೂ ದುಡ್ಡಿದ್ದ ಕಡೆಗೆ ಹೋದರು. ಹೊಟ್ಟೆಪಾಡು, ತಪ್ಪು ಹೇಳುವ ಹಾಗಿಲ್ಲ. 1791ರಲ್ಲಿ ನೈರನ್ನನೂ ಊರು ಬಿಟ್ಟ. ಅಲ್ಲಿಂದಾಚೆ ನಡಾವಳಿ ಪುಸ್ತಕ ಓದಿದರೆ ಎಣ್ಣೆ ಆರಿದ ದೀಪದ ಹಾಗಿದೆ. ಸಭೆಗೆ ಜನ ಮೂರು, ಎರಡು. 1796ರ ಆಗಸ್ಟಿನ ಒಂದು ಸಭೆಗೆ ಬಂದ ಅತಿಥಿ ಎಂದು ಟಾಮ್ ಪೇನ್ ಹೆಸರು ಬರೆದಿದ್ದಾರೆ. ಮನುಷ್ಯರ ಹಕ್ಕುಗಳ ಬಗ್ಗೆ ಪುಸ್ತಕ ಬರೆದು ಇಂಗ್ಲೆಂಡ್ ಸರ್ಕಾರದ ಕಣ್ಣು ಕೆಂಪಗೆ ಮಾಡಿದ್ದವನು ಅವನು. ಆಗ ಅವನು ಇದ್ದದ್ದು ಫ್ರಾನ್ಸ್ ದೇಶದಲ್ಲಿ, ಆದ್ದರಿಂದ ಅದು ಯಾರೋ ಬೇಕಂತಲೇ ಬರೆದ ಕುಚೋದ್ಯ ಇರಬೇಕು ಅನ್ನುತ್ತಾರೆ. ಖಾಲಿ ಕುರ್ಚಿಗಳ ನಡುವೆ ಕೂತವನಿಗೆ ಇನ್ನೇನು ತೋಚುತ್ತದೆ? ಕೊನೆಯ ದಾಖಲೆ 1796ರ ಸೆಪ್ಟೆಂಬರ್ 21ರದು. ಅವತ್ತು ಬರೆದಿರುವುದು ಇಷ್ಟೇ: ದೊಡ್ಡ ಮನುಷ್ಯರು ಯಾರೂ ಇಲ್ಲ. ಇತ್ತ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಬದುಕಿದ್ದ.

ಈ ಮಾತನ್ನು ಹುಡುಗಿ ಎರಡು ಸಲ ಓದಿದಳು. ನನಗೆ ಜೀಪು ಹತ್ತಿದ ಕಿಟ್ ಬ್ಯಾಗು ಕಣ್ಣಿಗೆ ಕಟ್ಟಿತು. ಹಳ್ಳಿ ಇತ್ತು, ದಿಣ್ಣೆ ಇತ್ತು, ಚೆಂಡು ಹಾಕುವ ಹುಡುಗರು ಆ ಊರಿನಲ್ಲಿ ಹುಟ್ಟುತ್ತಲೇ ಇದ್ದರು. ಆದರೂ ಸಭೆಗೆ ಬರೆದುಕೊಳ್ಳಲು ಒಂದು ಹೆಸರು ಇರಲಿಲ್ಲ. ಯಾಕೆಂದರೆ ಆ ಹುಡುಗರು ಸದಸ್ಯರೇ ಅಲ್ಲ.

ಅದೇ ಇಂಗ್ಲೆಂಡಿನಲ್ಲಿ, ಇದಾದ 48 ವರ್ಷಕ್ಕೆ, 1844ರ ಡಿಸೆಂಬರ್ 21ರಂದು ರಾಚ್‌ಡೇಲ್ ಪಟ್ಟಣದಲ್ಲಿ 28 ಜನ, ಹೆಚ್ಚಾಗಿ ನೇಕಾರರು ಮತ್ತು ಅಂಥದೇ ಕೈಕಸುಬಿನವರು, ತಲಾ ಒಂದು ಪೌಂಡ್ ಕೂಡಿಸಿ 28 ಪೌಂಡ್ ಬಂಡವಾಳದಲ್ಲಿ ಅಂಗಡಿ ತೆರೆದರು. ಸಹಕಾರ ತರಬೇತಿಗೆ ಹೋದ ನಿರ್ದೇಶಕರೆಲ್ಲ ಈ ಪಾಠ ಕೇಳಿಯೇ ಇರುತ್ತಾರೆ. ಒಂದು ಪೌಂಡನ್ನು ಕೂಡಿಸುವುದಕ್ಕೆ ಅವರಿಗೆ ವಾರ ವಾರ ಪೆನ್ನಿ ಪೆನ್ನಿ ಎತ್ತಿಡಬೇಕಾಯಿತು. ಒಬ್ಬನಿಗೆ ಒಂದೇ ಮತ. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘವೂ, ಇಲ್ಲಿ ನಾವು ಷೇರು ಹಣ ಕೂಡಿಸಿ ಬಾಡಿಗೆ ಕೊಟ್ಟಿಗೆಯಲ್ಲಿ ಶುರು ಮಾಡಿದ ಡೇರಿಯೂ ಆ ದಾರಿಯವೇ.

ಹ್ಯಾಂಬಲ್ಡನ್ನಿನ ಹೆಸರು ಉಳಿದದ್ದಕ್ಕೆ ಮುಖ್ಯ ಕಾರಣ ಒಬ್ಬ ಮಗ. ರಿಚರ್ಡ್ ನೈರನ್ನನ ಮಗ ಜಾನ್ ನೈರನ್, ತಾನು ಹುಡುಗನಾಗಿದ್ದಾಗ ನೋಡಿದ ಆಟಗಾರರನ್ನೆಲ್ಲ ನೆನೆಸಿಕೊಂಡು 1833ರಲ್ಲಿ ಪುಸ್ತಕ ಮಾಡಿಸಿದ. ಚಾರ್ಲ್ಸ್ ಕೌಡನ್ ಕ್ಲಾರ್ಕ್ ಎಂಬವರು ಅದನ್ನು ತಿದ್ದಿ ಅಚ್ಚು ಹಾಕಿಸಿಕೊಟ್ಟರು. ತಡಿಕೆ, ಕುರ್ಚಿ, ಪಿಟೀಲು, ಕರವಸ್ತ್ರ, ಎಲ್ಲವೂ ಅವನ ನೆನಪಿನವೇ. ಆ ದಿಣ್ಣೆಯ ಹತ್ತಿರ 1908ರಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸಿದ್ದಾರೆ. ಇವತ್ತೂ ಹ್ಯಾಂಬಲ್ಡನ್ ಊರಿನಲ್ಲಿ ಕ್ರಿಕೆಟ್ ಸಂಘ ಇದೆ, ಊರಿನವರದೇ. ಬೇರೆ ಮೈದಾನದಲ್ಲಿ ಆಡುತ್ತಾರೆ. ಈಗ ಅವರ ಮೇಲೆ ಯಾರೂ ಸಾವಿರ ಗಿನಿ ಬಾಜಿ ಕಟ್ಟುವುದಿಲ್ಲ.

ನಮ್ಮ ಹುಡುಗರ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಸಂಘದ ಲಾಭದಲ್ಲಿ ಆಪದ್ಧನಕ್ಕೆ ಹೋಗಬೇಕಾದ್ದು ಕಾನೂನು ಪ್ರಕಾರ ಹೋಗುತ್ತದೆ, ಬೋನಸ್ ಹಾಲು ಹಾಕಿದವರಿಗೆ ಹೋಗುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಹುಡುಗರಿಗೆ ಕೊಟ್ಟರೆ ಸಂಘ ಮುಳುಗುವುದಿಲ್ಲ, ಅದು ನನಗೂ ಗೊತ್ತು. ನನ್ನ ತಕರಾರು ಪ್ರತಿ ವರ್ಷ ಕೊಡಿ ಅನ್ನುವುದಕ್ಕೆ. ನಾಳೆ ಆಡಳಿತ ಮಂಡಳಿ ಬದಲಾಗುತ್ತದೆ. ಇನ್ನೊಂದು ವರ್ಷ ಕಾಲುಬಾಯಿ ಜ್ವರ ಬಂದು ಹಾಲು ಇಳಿಯುತ್ತದೆ. ಅವತ್ತು ಕಿಟ್ಟಿಗೆ ದುಡ್ಡಿಲ್ಲ ಅಂದರೆ ಹುಡುಗರು ನಮ್ಮ ಹಾಗೆ ಆಟವನ್ನೇ ಬಿಡುತ್ತಾರೆ. ಇದನ್ನೇ ನಾನು ಸಭೆಯಲ್ಲಿ ಹೇಳಬೇಕಾಗಿತ್ತು. ಬಾಯಿಗೆ ಬಂದದ್ದು ‘ಬೇಡ’ ಅನ್ನುವ ಒಂದೇ ಮಾತು.

ಮೊನ್ನೆ ಆ ಹುಡುಗರಲ್ಲಿ ಇಬ್ಬರು ನಮ್ಮ ಮನೆಗೆ ಬಂದಿದ್ದರು. ಜಗಳಕ್ಕೇ ಬಂದರು ಅಂತ ಮನೆಯವಳು ಹೆದರಿದಳು. ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್. ಮೊದಲ ಪುಟದಲ್ಲಿ ಇಪ್ಪತ್ತಮೂರು ಹೆಸರು, ಎದುರಿಗೆ ತಿಂಗಳಿಗೆ ಐವತ್ತು ರೂಪಾಯಿ. ಹತ್ತೊಂಬತ್ತು ಜನ ಕಟ್ಟಿದ್ದಾರೆ, ನಾಲ್ವರದು ಬಾಕಿ. ಬಾಕಿಯಲ್ಲಿ ನನ್ನ ಮಗನ ಹೆಸರೂ ಇತ್ತು. ಮ್ಯಾಟಿನ ಅರ್ಧ ಹಣ ತಾವೇ ಹೊಂದಿಸುತ್ತೇವೆ, ಇನ್ನರ್ಧವನ್ನು ಸಂಘ ಒಂದೇ ಒಂದು ಸಲ ಕೊಟ್ಟರೆ ಸಾಕು ಅಂದರು. ಅರ್ಜಿ ತಿದ್ದಿ ಬರೆದುಕೊಡಿ, ಮುಂದಿನ ಸಭೆಯಲ್ಲಿ ಸೂಚಕನಾಗಿ ನಾನೇ ರುಜು ಹಾಕುತ್ತೇನೆ ಅಂದೆ. ಮಗನನ್ನು ಕರೆದು ಐವತ್ತು ರೂಪಾಯಿ ಕೇಳಿದೆ. ನನ್ನ ಹತ್ತಿರವೇ ಇಸಿದುಕೊಂಡು ಕೊಟ್ಟ.